ಹೆಸರಿಲ್ಲದ ನೀರು

೧೯೪೨ ಏಪ್ರಿಲ್ ೧೦, ಶುಕ್ರವಾರ. ಕೋಟೇಶ್ವರ

ಕುಂದಾಪುರಕ್ಕೆ ಹೋಗಿ ಪೇಪರ್ ಓದಬಾರದಿತ್ತು. ಓದಿ ಬಂದೆ. ಜಪಾನಿನವರು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದ್ದಾರಂತೆ. ಮದ್ರಾಸಿನವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಿದ್ದಾರಂತೆ. ಅದು ಮೂಡುಗಡಲು, ನಮ್ಮದು ಪಡುಗಡಲು, ಇಲ್ಲಿಗೆಲ್ಲ ಎಂತಕ್ಕೆ ಬರುತ್ತಾರೆ ಎಂದು ದಾರಿಯಲ್ಲಿ ಸಿಕ್ಕವರೆಲ್ಲ ನನಗೆ ಸಮಾಧಾನ ಹೇಳಿದರು. ವಿಮಾನಕ್ಕೆ ಮೂಡು ಯಾವುದು, ಪಡು ಯಾವುದು? ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಕಡಲು ಕೇಳಿಸುತ್ತದೆ. ಕಡಲಿಗೆ ನಾವು ಕೇಳಿಸುವುದಿಲ್ಲ ಎಂದು ಹೇಗೆ ಹೇಳುವುದು?

ಊಟ ಸೇರಲಿಲ್ಲ. ಮಗಳು ಸುಗುಣಾ ಎದುರಿಗೇ ಕೂತು ಉಪ್ಪಿನಕಾಯಿ ನೆಕ್ಕುತ್ತಿದ್ದಳು. ಅವಳಿಗೆ ಎಂಟನೇ ತಿಂಗಳು. ಗಂಡ ಉದಯಶಂಕರ ಬೊಂಬಾಯಿಯ ಹೋಟೆಲಿನ ಹಣದ ಗಲ್ಲೆಯಲ್ಲಿ ಕೂರುವವನು. ಬಾಣಂತನಕ್ಕೆ ಅಂತ ಇಲ್ಲಿಗೆ ಕಳಿಸಿದ್ದಾನೆ. ನಾವು ನಾಲ್ಕು ಹೆತ್ತು ಉಳಿಸಿಕೊಂಡದ್ದು ಇವಳೊಬ್ಬಳನ್ನು.

ಹೆಂಡತಿ ಗೋದಾವರಿ ಇದ್ದಾಗ ಇದನ್ನೆಲ್ಲ ಬರೆಯುವ ಅಗತ್ಯ ಇರಲಿಲ್ಲ. ನನ್ನ ಹೆದರಿಕೆಗಳನ್ನು ಒಂದೊಂದಾಗಿ ಅವಳಿಗೆ ಹೇಳುತ್ತಿದ್ದೆ: ಹಾವು, ಆಮಶಂಕೆ, ತಪ್ಪಿಗೆ ಗೀಟು ಹಾಕುವ ಸಾಹೇಬರ ಪೆನ್ಸಿಲ್ಲು, ಸಿಡಿಲು. ಎಲ್ಲ ಕೇಳಿ "ಹೇಳಿ ಮುಗೀತಾ? ಇನ್ನ್ ಮನಿಕಣಿ" ಎನ್ನುತ್ತಿದ್ದಳು. ಅಷ್ಟಕ್ಕೇ ನಿದ್ದೆ ಬರುತ್ತಿತ್ತು. ಅವಳು ಹೋಗಿ ಎರಡನೇ ಮಳೆಗಾಲ ಬರುತ್ತಿದೆ. ಈಗ ಈ ಪುಸ್ತಕಕ್ಕೆ ಹೇಳುತ್ತಿದ್ದೇನೆ. ಪುಸ್ತಕ "ಮುಗೀತಾ?" ಎಂದು ಕೇಳುವುದಿಲ್ಲ. ಹಾಗಾಗಿ ಮುಗಿಯುವುದೂ ಇಲ್ಲ.

ಏಪ್ರಿಲ್ ೧೨, ಭಾನುವಾರ

ಬಿಜೂರಿನಿಂದ ಮಂಜಯ್ಯ ಬಂದ, ಗೋದಾವರಿಯ ತಮ್ಮ. ಆಳು ದಪ್ಪ, ಮಾತು ಇನ್ನೂ ದಪ್ಪ. ಹೆಗಲ ಮೇಲೆ ಹಲಸಿನಹಣ್ಣು.

"ಎಲ್ಲರೂ ಬಿಜೂರಿಗ್ ಬನಿ ಭಾವಯ್ಯ. ಜಪಾನಿನವ್ರಿಗೆ ಬಿಜೂರ್ ಗೊತ್ತಿಲ್ಲೆ. ಬೈಂದೂರಿನವ್ರಿಗೇ ಸಮ ಗೊತ್ತಿಲ್ಲೆ."

ನನಗೆ ಜೀವ ಬಂದಂತಾಯಿತು. ಆದರೆ ಒಳಗಿನಿಂದ ನನ್ನ ಅಕ್ಕ, ಬಾಗಿ ಎಂದು ಹೆಸರು, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸು ಬಿಡಿಸಲು ಕೂತವಳು, ತಲೆಯೆತ್ತದೆ ಹೇಳಿದಳು: "ತುಂಬ್ ಬಸ್ರಿ ಹೊಳಿ ದಾಟುಕಾಗ."

ಅದನ್ನು ನಾನು ಮರೆತಿದ್ದೆ. ಬಿಜೂರಿಗೆ ಹೋಗಬೇಕಾದರೆ ಕುಂದಾಪುರದ ದೋಣಿ ಕಡವಿನಿಂದ ಮೊದಲುಗೊಂಡು ದಾಟಬೇಕಾದ್ದು ಬರೀ ಹೊಳೆಗಳೇ. ಬ್ರಹ್ಮಾವರದಲ್ಲಿ ನಮ್ಮ ದಾಯಾದಿಗಳ ಮನೆಯಿದೆ, ನಡುವೆ ಸೀತಾನದಿ. ಬಡಗು ಹೊಳೆ, ತೆಂಕು ಹೊಳೆ, ಪಡುವಿಗೆ ಕಡಲು.

"ತೋಡ್ ದಾಟ್ಲಕ್ಕಾ ಬಾಗಿ ಅಕ್ಕ?" ಎಂದು ಮಂಜಯ್ಯ ಕೇಳಿದ.

"ತೋಡ್ ದಾಟ್ಲಕ್ಕ್."

"ತೋಡಿಗೂ ಹೊಳಿಗೂ ಎಂತ ವ್ಯತ್ಯಾಸ?"

"ಹೆಸ್ರಿದ್ರೆ ಹೊಳಿ. ಹೆಸ್ರಿಲ್ದಿದ್ರೆ ತೋಡ್. ಹೆಸ್ರಿದ್ದದ್ದಕ್ಕೆ ಆಸೆ ಇರತ್ತ್ ಮಾರಾಯ. ಎರಡ್ ಜೀವ ಒಟ್ಟಿಗೆ ಬಂದ್ರೆ ಬಿಡತ್ತಾ?"

"ಜಪಾನಿನವ್ರ್ ಇಲ್ಲಿಗೆ ಬಪ್ಪತಿಗೆ ನಾನೇ ಅಜ್ಜಿ ಆಯ್ರತೆ" ಎಂದಳು ಸುಗುಣಾ, ತೊಳೆ ಬಾಯಿಗೆ ಹಾಕಿಕೊಳ್ಳುತ್ತ.

ಅವಳಿಗೆ ನಗು. ನಾನು ಅಂಗಳಕ್ಕಿಳಿದು ಆಕಾಶ ನೋಡಿ ಬಂದೆ.

ಏಪ್ರಿಲ್ ೧೮, ಶನಿವಾರ

ಮಂಗಳೂರಿನಲ್ಲಿ ಎರಡು ವರ್ಷ ಕಾಲೇಜು ಓದಿದ್ದು ದಂಡವಾಗಲಿಲ್ಲವೇನೋ. ಮಜ್ಜಿಗೆ ಕುಡಿಯುವಾಗ ಫಕ್ಕನೆ ನೆನಪಾಯಿತು: ವಾಟರ್‌ಶೆಡ್. ಎರಡು ಹೊಳೆಗಳ ನಡುವಿನ ಏರುನೆಲ. ಅದರ ಬೆನ್ನಿನ ಮೇಲೆಯೇ ನಡೆದರೆ ಯಾವ ಹೊಳೆಯನ್ನೂ ದಾಟಬೇಕಾಗಿಲ್ಲ. ಬಡಗಿನ ಹಾಲಾಡಿ ಹೊಳೆಗೂ ತೆಂಕಿನ ಸೀತಾನದಿಗೂ ನಡುವೆ ಮೂಡುಮುಖವಾಗಿ ಹೋದರೆ ಘಟ್ಟದ ಬುಡ ಸಿಗಬೇಕು. ಅಲ್ಲಿಗೆ ಯಾವ ಜಪಾನಿನವನು ಬರುತ್ತಾನೆ? ನಮ್ಮವರೇ ಹೋಗುವುದಿಲ್ಲ. ಹೋಗುವವರು ಕೊಲ್ಲೂರಿಗೆ ಹೋಗುತ್ತಾರೆ, ಕೈಮುಗಿದು ಬರುತ್ತಾರೆ.

ಅದನ್ನು ಕಲಿಸಿದ ಮಾಸ್ತರರು ಇನ್ನೊಂದು ಮಾತು, ಧೈರ್ಯದ್ದು, ಹೇಳುತ್ತಿದ್ದರು. ನಥಿಂಗ್ ವೆಂಚರ್, ನಥಿಂಗ್... ಮುಂದಿನದು ಮರೆತುಹೋಗಿದೆ.

ಮಂಜಯ್ಯ ನಾಳೆಯೇ ಹೋಪ ಎನ್ನುತ್ತಿದ್ದಾನೆ. ಕಾಡು, ಚಿರತೆ, ಹೆಜ್ಜೇನು. ನಾಳೆ ಹೋಗುವುದಿಲ್ಲ.

ಏಪ್ರಿಲ್ ೨೦, ಸೋಮವಾರ

ನಿನ್ನೆ ಹೋಗಿ ಬಂದದ್ದು. ಕಾಲು ಮುಟ್ಟಲಿಕ್ಕಾಗುವುದಿಲ್ಲ, ಅಷ್ಟು ನೋವು.

ಬಿದ್ಕಲ್‌ಕಟ್ಟೆಯವರೆಗೆ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲೇ ಓಡುವ ಬಸ್ಸು. ಮಂಜಯ್ಯ ಕೂತ ಬದಿಗೆ ಬಸ್ಸು ವಾಲಿತೆಂದು ಡ್ರೈವರ್ ಅವನನ್ನು ನಟ್ಟನಡುವೆ ಕೂರಿಸಿದ. ಅಲ್ಲಿಂದ ಮುಂದೆ ನಡಿಗೆ. ಸಿಕ್ಕ ಮೊದಲ ತೋಡಿನಲ್ಲಿ ಒಬ್ಬ ಹೆಂಗಸು ಬಟ್ಟೆ ಒಗೆಯುತ್ತಿದ್ದಳು. ನಾನು ದೂರದಲ್ಲೇ ನಿಂತು ಬಹಳ ಮರ್ಯಾದೆಯಿಂದಲೇ ಕೇಳಿದೆ: "ಹೆಸರೇನಮ್ಮ?"

"ಯಾರ್ದ್?" ಎಂದಳು. "ಹ್ವಾಯ್, ಇಲ್ಲ್ ಬನಿ ಕಾಂಬ. ಯಾರೋ ಇಬ್ರ್ ಅಯ್ಯಂದಿರ್ ಬಂದ್ ನನ್ ಹೆಸ್ರ್ ಕೇಂತ್ರ್."

ಗಂಡ ಕತ್ತಿ ಹಿಡಿದೇ ಬಂದ. ಸೊಪ್ಪು ಕಡಿಯುತ್ತಿದ್ದವನು, ಪಾಪ, ಕತ್ತಿ ಕೈಯಲ್ಲಿತ್ತು, ಅಷ್ಟೆ. ಮಂಜಯ್ಯನೇ ಬಿಡಿಸಿ ಹೇಳಿದ, ಹೆಸರು ಬೇಕಾದದ್ದು ನೀರಿನದು ಎಂದು. ಅವನು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇದಕ್ಕೆಂತ ಹೆಸ್ರ್, ತೋಡ್" ಎಂದ. ಒಂದು ತೋಡು ಪಾಸಾಯಿತು.

ಹೀಗೇ ಕೇಳುತ್ತ ಹೋದೆವು. ದಾರಿ ಹಾಡಿಯ ಮರಗಳೊಳಗೆ ಹೊಕ್ಕಿತು. ಹಾವಿನ ಪೊರೆ ಕಂಡೆ. ಎಲೆ ಅಲ್ಲಾಡಿದಾಗಲೆಲ್ಲ ಮಂಜಯ್ಯನ ಬೆನ್ನ ಹಿಂದೆ ನಿಂತೆ. ಅಡಗುವುದಕ್ಕೆ ಒಳ್ಳೆಯ ಬೆನ್ನು. ಹಾಡಿ ಮುಗಿದಲ್ಲಿ ಕೆಂಪು ಮುರಕಲ್ಲಿನ ಬಯಲು, ಆ ಬಯಲ ನಡುವೆ ಒಂದು ಮದಗ. ಸುತ್ತ ಒಂದು ಮನೆಯಿಲ್ಲ, ಮಡಕೆ ತೊಳೆದ ಗುರುತಿಲ್ಲ. ನೀರು ತುಂಬ ಬಿಳಿ ನೈದಿಲೆ. ನಮ್ಮ ಕಾಲ ಸದ್ದಿಗೆ ಒಂದು ಹಕ್ಕಿ ಹೂವಿನ ಎಲೆಯ ಮೇಲೇ ಓಡಿಹೋಯಿತು, ಎಲೆ ಮುಳುಗಲೇ ಇಲ್ಲ. ಹಕ್ಕಿಯ ಉಗುರುಗಳು ಉದ್ದುದ್ದ, ಹೆಂಗಸರು ರಂಗೋಲಿ ಎಳೆದಂತೆ. ಇಷ್ಟು ವರ್ಷ ಅಲ್ಲಿಂದ ಅರ್ಧ ದಿನದ ದಾರಿಯಲ್ಲಿ ಬದುಕಿದ್ದೆ, ಇಂಥದ್ದಿದೆ ಎಂದು ಯಾರೂ ಹೇಳಲಿಲ್ಲ. ಅಲ್ಲಿ ಬಹಳ ಹೊತ್ತು ಕೂತೆವು. ಕಾಲು ನೋಯುತ್ತಿತ್ತಲ್ಲ, ಅದಕ್ಕೆ.

ಅಡಗಿಕೊಳ್ಳಲು ಮಾತ್ರ ಬರುವ ಜಾಗ ಅಲ್ಲ. ಬಯಲು. ಮೇಲಿಂದ ಎಲ್ಲ ಕಾಣುತ್ತದೆ.

ಮೇ ೩, ಭಾನುವಾರ. ಬೆಳ್ವೆ

ಮಂಜಯ್ಯನ ಪರಿಚಯದವರ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಮೊನ್ನೆ ಮತ್ತೆ ಹೊರಟೆವು. "ಹೋಗುವುದಿಲ್ಲ" ಎಂದು ಬರೆಯಲು ಪುರುಸೊತ್ತಾಗಲಿಲ್ಲ.

ಸಿಕ್ಕಿತು. ಇಲ್ಲಿಂದ ಇನ್ನೂ ಮೂಡಕ್ಕೆ, ಘಟ್ಟ ಕುತ್ತಿಗೆಯ ಮೇಲೇ ಬಂತೇನೋ ಎನ್ನುವಲ್ಲಿ. ಗಾಡಿ ಹೋಗುವ ದಾರಿ ಒಂದು ಹುಲ್ಲಿನ ಕೊಟ್ಟಿಗೆಯ ಹತ್ತಿರ ಮುಗಿಯುತ್ತದೆ. ಮುಂದೆ ಅಗಲವಾದ ತೋಡು, ಬರೀ ಉರುಟು ಕಲ್ಲು, ಕಲ್ಲಿನ ಸಂದಿಯಲ್ಲಿ ನೂಲಿನಂತೆ ನೀರು. ಮೇಲೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕ. ಅದರಡಿ ಕಾಲು ಒದ್ದೆಯಾಗದೆ ದಾಟಬಹುದಾದರೂ ಸಂಕ ಎಂತಕ್ಕೋ, ನಾನು ಯೋಚಿಸಲಿಲ್ಲ.

ಆಚೆ ದಡದಲ್ಲಿ ಒಬ್ಬಳು ಮುದುಕಿ ಸೊಪ್ಪು ಕಟ್ಟುತ್ತಿದ್ದಳು. ಚಿಕ್ಕು ಅಂತ. ಕೇಳಿದೆ.

"ಇದಕ್ಕೆಂತ ಹೆಸ್ರ್ ಅಯ್ಯ. ಕಾಲ್ ನೆನೂಕೆ ನೀರಿಲ್ಲೆ."

ಮಂಜಯ್ಯ ನನ್ನ ಬೆನ್ನಿಗೆ ಗುದ್ದಿದ.

ಚಿಕ್ಕುವಿನ ಮನೆಯ ಮೇಲ್ಬದಿಗೆ, ಆನೆ ಮಂಡಿಯೂರಿ ಕೂತಂತೆ ಒಂದು ಬಂಡೆ. ಅದರ ಹೊಟ್ಟೆಯಡಿ ಗುಹೆ. ಒಳಗೆ ಬಾವಲಿ ಇದ್ದರೆ? ಕರಡಿ ಇದ್ದರೆ? ಕಿವಿ ಮುಚ್ಚಿಕೊಂಡು ಹೊಕ್ಕೆ. ಬಾವಲಿ ಇತ್ತು. ಕರಡಿ ಇರಲಿಲ್ಲ. ನೆಲ ತಂಪು ಮರಳು. ಹಿಂತಿರುಗಿ ನೋಡಿದರೆ ಗುಹೆಯ ಬಾಯಿಯ ತುಂಬ ಮರಗಳ ನೆತ್ತಿ, ಅದರಾಚೆ ಪಡುವಲ್ಲಿ ಒಂದು ಬೆಳ್ಳಿ ಗೀರು. ಕಡಲು. ಇಲ್ಲಿಂದ ಅದಕ್ಕೆ ಸದ್ದೇ ಇಲ್ಲ.

ಕರೆದುಕೊಂಡು ಬರುವುದು ಬಸುರಿಯನ್ನು ಎಂದಾಗ ಚಿಕ್ಕು, "ಬರ್ಲಿ, ಇಲ್ಲಿನ್ ಮಕ್ಳೆಲ್ಲ ನನ್ ಕೈಯಗೇ ಬಿದ್ದದ್ದ್" ಎಂದಳು. ಇದಕ್ಕಿಂತ ಹೆಚ್ಚಿನ ಸೇಫ್ಟಿ ಎಲ್ಲಿ ಸಿಗುತ್ತದೆ?

ಮೇ ೧೧, ಸೋಮವಾರ. ಕೋಟೇಶ್ವರ

ಮಧ್ಯಾಹ್ನ ಕಡಲ ಬದಿಯಿಂದ ಧಡ್ ಎಂದು ಸದ್ದು. ಅಕ್ಕನ ಕೈಯಿಂದ ತಂಬಿಗೆ ಬಿತ್ತು. ನಾನು ಎಲ್ಲಿದ್ದೆನೆಂದು ನನಗೇ ಗೊತ್ತಿಲ್ಲ. ಮಂಚದಡಿಯಲ್ಲಿದ್ದೆನೆಂದು ಸುಗುಣಾ ಹೇಳುತ್ತಾಳೆ. ಕಲ್ಲಿಗೆ ಮದ್ದು ಇಟ್ಟು ಸಿಡಿಸಿದ್ದೆಂದು ಸಂಜೆ ಗೊತ್ತಾಯಿತು. ಇವತ್ತು ಕಲ್ಲು. ನಾಳೆ?

ಸುಗುಣಾಳ ಹತ್ತಿರ ಕೂತು ಕೇಳಿಕೊಂಡೆ.

"ಕುಂದಾಪುರದಗೆ ಆಸ್ಪತ್ರೆ ಇತ್ತ್, ನರ್ಸಮ್ಮ ಇತ್ರ್. ನಾನ್ ಕಾಡಿಗೆ ಹೋಯಿ ಹೆರ್ಕಾ ಅಪ್ಪಯ್ಯ?"

"ಚಿಕ್ಕು ಇದ್ದಾಳೆ. ಮರಳು ತಂಪು ಇದೆ. ಬಾಂಬು ಇಲ್ಲ."

"ಅಮ್ಮ ಇದ್ದಿದ್ರೆ ಎಂತ ಹೇಳ್ತಿದ್ಳ್?"

"ಹೇಳಿ ಮುಗೀತಾ, ಇನ್ನ್ ಮನಿಕಣಿ ಅಂತಿದ್ಳ್."

ಇಬ್ಬರೂ ನಕ್ಕೆವು. ಆಮೇಲೆ ಅವಳು ನನ್ನ ಕೈ ಹಿಡಿದು ನೋಡಿದಳು. "ನಡುಗ್ತಿತ್ತ್ ಕಾಣಿ. ಆಯ್ತ್, ಬತ್ತೆ. ಜಪಾನಿನವ್ರಿಗೆ ಹೆದ್ರಿ ಅಲ್ಲ, ನಿಮ್ಮನ್ನ್ ಕಂಡ್ ಹೆದ್ರಿ."

ಅಕ್ಕ ತೋಡುಗಳ ಬಗ್ಗೆ ಮತ್ತೊಮ್ಮೆ ವಿಚಾರಿಸಿದಳು. ಒಂದಕ್ಕೂ ಹೆಸರಿಲ್ಲ ಎಂದೆ.

ಮೇ ೧೫, ಶುಕ್ರವಾರ

ನಾಳೆ ಹೊರಡುವುದು. ನಾಗನ ಎತ್ತಿನ ಗಾಡಿ, ಹೊಡೆಯುವವನೂ ಅವನೇ. ಅಕ್ಕ ಮನೆಯಲ್ಲೇ ಉಳಿಯುತ್ತಾಳೆ. ಗಾಡಿಯೊಳಗೆ ಹುಲ್ಲು, ಹುಲ್ಲಿನ ಮೇಲೆ ಎರಡು ಹಾಸಿಗೆ. ಮೂಡಲ್ಲಿ ಗುಡುಗಿದಂತೆ ಕೇಳಿಸಿತು. ಗುಡುಗೇ ಇರಬೇಕು.

ಮೇ ೧೯, ಮಂಗಳವಾರ. ಹುಲ್ಲಿನ ಕೊಟ್ಟಿಗೆ

ಬರೆಯಲು ಕೈ ಬರುವುದಿಲ್ಲ, ತೊಡೆಯೆಲ್ಲ ತರಚಿದೆ. ಆದರೂ ಬರೆಯುತ್ತೇನೆ. ಇಲ್ಲದಿದ್ದರೆ ಕಣ್ಣು ಮುಚ್ಚಿದಾಗಲೆಲ್ಲ ಆ ನೀರು.

ನಿನ್ನೆ ಬೆಳ್ವೆಯಿಂದ ಹೊರಟಾಗ ಬಿಸಿಲೇ ಇತ್ತು. ಮಧ್ಯಾಹ್ನಕ್ಕೆ ಘಟ್ಟ ಕಪ್ಪಾಯಿತು. ಮಳೆ ಸುರಿದದ್ದು ನಮ್ಮ ಮೇಲಲ್ಲ, ಅಲ್ಲಿ ಮೇಲೆ. ನಾವು ಕೊನೆಯ ತೋಡು ಮುಟ್ಟಿದಾಗ ಕಲ್ಲುಗಳೇ ಕಾಣಲಿಲ್ಲ. ಕೆಂಪು ನೀರು, ಬುಡ ಸಮೇತ ಬಂದ ಬಿದಿರು, ಸಂಕದ ಹೊಟ್ಟೆಗೆ ತಾಗುವಷ್ಟು.

ಆಚೆ ದಡದಿಂದ ಚಿಕ್ಕು ಕೂಗಿದಳು. "ದಾಟ್ಬೇಡಿ ಅಯ್ಯ, ದಾಟ್ಬೇಡಿ. ವನಜಿ ಹೊಳಿ ಬಂತ್."

"ಹೆಸರಿಲ್ಲ ಅಂದಿದ್ದೆಯಲ್ಲ" ಎಂದು ನಾನೂ ಕೂಗಿದೆ.

"ಬೇಸಗೆಯಗೆ ಎಂತ ಹೆಸ್ರ್? ಮಳಿ ಬಂದ್ರೆ ವನಜಿ ಹೊಳಿ."

ಅಷ್ಟು ಹೇಳಿ ಕರು ಕಟ್ಟಲೆಂದು ಗುಡ್ಡ ಹತ್ತಿ ಹೋದಳು. ಗಾಡಿ ತಿರುಗಿಸಿದೆವು. ಹಿಂದೆ ದಾಟಿ ಬಂದ ಸಣ್ಣ ತೋಡು ಆಗಲೇ ಗಾಡಿಯ ಅಚ್ಚಿನ ಮಟ್ಟಕ್ಕೆ ಏರಿತ್ತು, ಎತ್ತುಗಳು ಇಳಿಯಲೊಲ್ಲವು. ಎರಡು ನೀರಿನ ನಡುವೆ ಸಿಕ್ಕಿಕೊಂಡೆವು. ಬಾಂಬಿಗೆ ಹೆದರಿ ಮಗಳನ್ನು ತಂದು ಎಲ್ಲಿ ಕೂರಿಸಿದೆ ನಾನು?

ಕೊಟ್ಟಿಗೆಗೆ ಬಂದು ಸುಗುಣಾಳನ್ನು ಇಳಿಸುವಾಗ ಅವಳು ಗಾಡಿಯ ಗೂಟ ಹಿಡಿದು ನಿಂತುಬಿಟ್ಟಳು. ಮುಖ ನೋಡಿದೆ. ಗೋದಾವರಿಯ ಮುಖ ನಾಲ್ಕು ಸಲ ಹಾಗಾದದ್ದನ್ನು ಕಂಡವನಲ್ಲವೆ ನಾನು?

"ಅಪ್ಪಯ್ಯ, ಆ ಮುದ್ಕಿನ್ ಕರೀನಿ" ಎಂದಳು.

ನಾವು ಕೂಗಿದ್ದು ನೀರಿನ ಸದ್ದಿನಲ್ಲಿ ನಮಗೇ ಕೇಳಿಸಲಿಲ್ಲ. ಮಂಜಯ್ಯ ಸಂಕಕ್ಕೆ ಒಂದು ಕಾಲಿಟ್ಟ. ಮರ ಬಗ್ಗಿ ನೀರಿಗೆ ತಾಗಿತು. ಹಿಂದೆ ಬಂದ. "ನನ್ನನ್ನ್ ಇದ್ ತಡೂದಿಲ್ಲೆ ಭಾವಯ್ಯ" ಎಂದ. ಅವನು ಅತ್ತದ್ದನ್ನು ನಾನು ಗೋದಾವರಿ ಸತ್ತಾಗಲೂ ನೋಡಿರಲಿಲ್ಲ. ನಾಗ ಎತ್ತಿನ ಮೂಗುದಾರ ಬಿಟ್ಟರೆ ಅವು ಓಡುತ್ತವೆ. ಉಳಿದವನು ಯಾರು? ಒಣಕಲು, ಹಗುರ, ಈಜು ಬಾರದವನು.

ನಡೆಯಲಿಲ್ಲ. ಹುಡುಗರು ಕೋಣದ ಬೆನ್ನ ಮೇಲೆ ಕೂರುವಂತೆ ಕೂತೆ, ಅಂಗುಲ ಅಂಗುಲ ಜರುಗಿದೆ. ನೀರು ನೋಡಬಾರದು. ನೋಡಿದೆ. ನೋಡಿದರೆ ಹರಿಯುವುದು ನೀರಲ್ಲ, ನಾನೂ ಸಂಕವೂ ಘಟ್ಟದ ಕಡೆಗೆ ಓಡುತ್ತಿದ್ದೇವೆ. ಒಂದು ಬಿದಿರು ಬಂದು ಮರಕ್ಕೆ ಬಡಿಯಿತು. ಆಗ ಗೋದಾವರೀ ಎಂದು ಕೂಗಿದೆನಂತೆ, ಮಂಜಯ್ಯ ಹೇಳಿದ್ದು. ಅದೂ ಒಂದು ಹೊಳೆಯ ಹೆಸರೇ. ಬೇರೆ ಹೆಸರು ನೆನಪಾಗಲಿಲ್ಲ.

ಗುಡ್ಡ ಹೇಗೆ ಹತ್ತಿದೆನೋ ತಿಳಿಯದು. ಚಿಕ್ಕು ನನ್ನನ್ನು ನೋಡಿದಳು. ಸೀರೆ ಮೇಲೆ ಕಟ್ಟಿದಳು, ಬಾಣಂತಿ ಮದ್ದಿನ ಗಂಟು ತಲೆಗಿಟ್ಟಳು. ಸಂಕದ ಮೇಲೆ ಅವಳು ನಡೆದಳು. ನಾನು ಹಿಂದೆ ಮತ್ತೆ ಕೂತೇ ಜರುಗಿದೆ. ನಡುವಿನಲ್ಲಿ ತಿರುಗಿ, "ಅಯ್ಯ, ಬೇಗ ಬನಿ, ಸಂಕ ಕೂಕಂಬುಕೆ ಕಟ್ಟದ್ದಲ್ಲ" ಎಂದಳು.

ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಗು. ಅತ್ತಿತು. ಬಹಳ ಹೊತ್ತು ಅತ್ತಿತು. ಅಷ್ಟು ಚೆಂದದ ಸದ್ದು ನಾನು ಕೇಳಿಲ್ಲ. ನಂತರ ಸುಗುಣಾ ಕಣ್ಣು ಬಿಟ್ಟು, "ನಡುಗುದ್ ನಿಂತಿತಾ ಅಪ್ಪಯ್ಯ?" ಎಂದಳು. ನಿಂತಿರಲಿಲ್ಲ.

ಬಿಸಿನೀರು ಕಾಯಿಸುತ್ತ ಚಿಕ್ಕು ತಾನಾಗಿಯೇ ಹೇಳಿದಳು. ವನಜ ಅವಳ ಅಕ್ಕ. ತುಂಬಿದ ಬಸುರಿ. ತವರಿಗೆ ಬರುತ್ತಿದ್ದಳು, ಇದೇ ಸಂಕ, ಹೀಗೇ ಮೊದಲ ಮಳೆ. "ನಾನ್ ಸಣ್ಣೋಳ್. ಆಚೆ ದಂಡಿಯಗ್ ನಿಂತ್ ಕಾಂತಿದ್ದೆ. ಅವತ್ತಿಂದ ಮಳಿ ಬಂದ್ರೆ ಎಲ್ಲರೂ ಅವ್ಳ್ ಹೆಸ್ರೇ ಹೇಳುದ್." ಹೇಳಿ ಮಗುವಿನ ಕಾಲು ತಿಕ್ಕತೊಡಗಿದಳು. ಸುಗುಣಾ ಕೇಳುತ್ತಿದ್ದಳು. ನಿದ್ದೆ ಹೋಗಿದ್ದಾಳೆಂದು ನಾನು ತಿಳಿದಿದ್ದೆ.

ಮೇ ೨೧, ಗುರುವಾರ

ನೀರು ಇಳಿದಿದೆ. ಮತ್ತೆ ಉರುಟು ಕಲ್ಲು, ನೂಲಿನಂಥ ನೀರು. ಇದಾ ಅದು ಎಂದು ಹತ್ತಿರ ಹೋಗಿ ನೋಡಿದೆ. ಬೆಳಗಿನ ತಂಪಿನಲ್ಲಿ ಮನೆಗೆ ಹೊರಟೆವು. ಗಾಡಿ ಅಲ್ಲಾಡಿದಾಗಲೆಲ್ಲ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಿದೆ.

ಮೇ ೨೯, ಶುಕ್ರವಾರ. ಕೋಟೇಶ್ವರ

ಇವತ್ತು ನಾಮಕರಣ. ಉದಯಶಂಕರ ಮೊನ್ನೆ ಬೊಂಬಾಯಿಯಿಂದ ಬಂದ. ಯುದ್ಧದ ಸಂಗತಿ ಏನೇನೋ ಹೇಳಿದ. ಮಗು ಸೀನುತ್ತಿತ್ತು, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಎಲ್ಲರೂ ಅಂದುಕೊಂಡದ್ದು ಗೋದಾವರಿ ಎಂದು ಇಡುತ್ತಾರೆಂದೇ. ನಾನೂ ಕಣ್ಣೊರೆಸಲು ಶಾಲಿನ ಅಂಚು ತಯಾರು ಮಾಡಿಕೊಂಡಿದ್ದೆ. ಉದಯಶಂಕರ ಉಂಗುರ ಹಿಡಿದು ಅಕ್ಕಿಯ ಮೇಲೆ ಬರೆದ: ವನಜ.

ಅಕ್ಕನ ಮುಖ ಕಪ್ಪಿಟ್ಟಿತು. "ಆ ಹೊಳಿ ಹೆಸ್ರಾ ಹೆಣ್ಣೇ? ಶಿಶುವಿಗೆ?"

"ಹೊಳಿದ್ದಲ್ಲ ಅತ್ತೆ, ಒಂದ್ ಹೆಣ್ಣಿನ್ ಹೆಸ್ರ್" ಎಂದಳು ಸುಗುಣಾ. "ಹೊಳಿ ಇಷ್ಟ್ ವರ್ಷ ಇಟ್ಕಂಡಿತ್ತ್. ನಾವ್ ತಕಂಡ್ ಬಂದ್ವ್. ನೀವೇ ಹೇಳದ್ದಲ್ದಾ, ಹೆಸ್ರಿಲ್ದಿದ್ರೆ ತೋಡ್."

ಅಕ್ಕ ಅಕ್ಕಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು, ತೊಟ್ಟಿಲ ಮೇಲೆ ಬಾಗಿ, ಮಗುವಿನ ಕಿವಿಯಲ್ಲಿ ತಾನೂ ಒಮ್ಮೆ ಆ ಹೆಸರು ಹೇಳಿದಳು. "ಪಾಯಸ ತಣಿತ್ತ್, ಬನಿ" ಎಂದಳು.

ಊಟವಾದ ಮೇಲೆ ಮಂಜಯ್ಯ ಕೇಳಿದ, "ಇದನ್ನ್ ಚಿಕ್ಕುಗೆ ಯಾರ್ ಹೇಳುದ್ ಭಾವಯ್ಯ?"

ಅದೂ ಹೌದು. ಹೇಳಬೇಕು. ಮಳೆ ಹಿಡಿಯುವ ಮೊದಲೇ ಹೇಳಬೇಕು. ಮೂಡಲ್ಲಿ ಮೋಡ ಆಗಲೇ ಬೆಟ್ಟದಷ್ಟು ದಪ್ಪವಾಗಿದೆ. ಹೆದರಿಕೆಯಾಗುತ್ತಿದೆ. ಮದಗದ ನೈದಿಲೆ ಇನ್ನೂ ಇರಬಹುದು. ಕೊಡೆ ಬಾಗಿಲ ಹತ್ತಿರ ತಂದು ಇಟ್ಟಿದ್ದೇನೆ. ಸುಗುಣಾ ಕರೆಯುತ್ತಿದ್ದಾಳೆ, ಮಗುವನ್ನು ಎತ್ತಿಕೊಳ್ಳಬೇಕಂತೆ.

ಚಿಕ್ಕುವಿಗೆ ಮರೆಯದೆ ಹೇಳಬೇಕಾದದ್ದು: ಇನ್ನು ಮುಂದೆ ಮಳೆಗಾಲದಲ್ಲಿ ಯಾರಾದರೂ ಕೇಳಿದರೂ, ಆ ನೀರಿಗೆ ಹೆಸರಿಲ್ಲ ಎನ್ನಬೇಕು.